ಜಿಂಕೆಯ ಲೆಕ್ಕ, ಬೊಕ್ಕಸದ ಲೆಕ್ಕ

ಬೇಟೆಯೆಂಬುದು ನಮಗೆ ಈಗ ಬಹುಮಟ್ಟಿಗೆ ಪುಸ್ತಕದೊಳಗಿನ ಸಂಗತಿ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಓದಿದವರು ಕೋವಿ, ಈಡು, ಹಳು ಎಂಬ ಮಾತುಗಳನ್ನು ಅಲ್ಲಿಂದ ಬಲ್ಲರು. ಕಾಡಿನಿಂದಲೇ ಬಲ್ಲವರು ವಿರಳ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯೂ ವಿನೋದದ ಬೇಟೆಗೆ ತೆರೆ ಎಳೆದವು. ಕಾಡನ್ನು ಕಾಯುವ ವೆಚ್ಚವನ್ನು ನಮ್ಮಲ್ಲಿ ಮುಖ್ಯವಾಗಿ ಸರ್ಕಾರವೇ ತನ್ನ ಆಯವ್ಯಯದಿಂದ ಭರಿಸುತ್ತದೆ. ಹೀಗಿರುವಾಗ, ಜಿಂಕೆಯನ್ನು ಉಳಿಸಲು ಬೇಕಾದ ಹಣ ಜಿಂಕೆಯನ್ನು ಕೊಲ್ಲುವವನಿಂದಲೇ ಬರುತ್ತದೆ ಎಂದರೆ ಅದು ನಮ್ಮ ಕಿವಿಗೆ ಒಗಟಿನಂತೆ ಕೇಳೀತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆದು ಬಂದಿರುವ ಪದ್ಧತಿ ಇದೇ. ಅಲ್ಲಿಯ ಪೆನ್ಸಿಲ್ವೇನಿಯಾ ಎಂಬ ಒಂದು ಸಂಸ್ಥಾನವನ್ನು ಹಿಡಿದು ಈ ಒಗಟನ್ನು ಬಿಡಿಸಿ ನೋಡೋಣ.

ಹತ್ತೊಂಬತ್ತನೆಯ ಶತಮಾನ ಮುಗಿಯುವ ವೇಳೆಗೆ ಅಲ್ಲಿ ಬಿಳಿಬಾಲದ ಜಿಂಕೆ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. ಕಾಡನ್ನು ಮರಕ್ಕಾಗಿ ಬೋಳಿಸಿದ್ದರು. ಜಿಂಕೆಯನ್ನು ಮಾಂಸಕ್ಕೂ ತೊಗಲಿಗೂ ಮಿತಿಯಿಲ್ಲದೆ ಹೊಡೆದಿದ್ದರು. 1895ರಲ್ಲಿ ಬೇಟೆ ಆಯೋಗವೊಂದು ಸ್ಥಾಪಿತವಾಯಿತು. 1906ರಲ್ಲಿ ಹೊರಗಿನಿಂದ ಜಿಂಕೆಗಳನ್ನು ತಂದು ಬಿಡತೊಡಗಿದರು. ಮರುವರ್ಷವೇ ಹೆಣ್ಣುಜಿಂಕೆಯನ್ನು ಹೊಡೆಯಕೂಡದೆಂಬ ಕಾನೂನು ಬಂದಿತು; 1913ರಿಂದ ಸಂಸ್ಥಾನದ ನಿವಾಸಿಗಳಿಗೂ ಬೇಟೆಗೆ ಪರವಾನಗಿ ಕಡ್ಡಾಯವಾಯಿತು. ತೋಳವೂ ಬೆಟ್ಟಸಿಂಹವೂ ಆ ವೇಳೆಗೆ ಅಲ್ಲಿ ನಿರ್ಮೂಲವಾಗಿದ್ದವು. ಕೊಲ್ಲುವವರಿಲ್ಲದ ಕಾಡಿನಲ್ಲಿ ಜಿಂಕೆ ಕೆಲವೇ ದಶಕಗಳಲ್ಲಿ ವಿಪರೀತವಾಗಿ ಹೆಚ್ಚಿ, ಮರದ ಎಳೆಸಸಿಗಳನ್ನು ತಲೆಯೆತ್ತದಂತೆ ಮೇಯತೊಡಗಿತು. ಅಂದಿನಿಂದ ಆಯೋಗದ ಕೆಲಸ ತಲೆಕೆಳಗಾಯಿತು. ಜಿಂಕೆಯನ್ನು ಹೆಚ್ಚಿಸಲು ಹುಟ್ಟಿದ ಸಂಸ್ಥೆ ಅದನ್ನು ಮಿತಿಯಲ್ಲಿಡುವ ಹೊಣೆಯನ್ನೂ ಹೊತ್ತಿತು. ಅದಕ್ಕೆ ಅದರ ಕೈಯಲ್ಲಿದ್ದ ಮುಖ್ಯ ಸಾಧನ ಬೇಟೆಗಾರನೇ.

ಬೊಕ್ಕಸಕ್ಕೂ ಅವನೇ ಆಧಾರ. ಈ ಆಯೋಗಕ್ಕೆ ಸಂಸ್ಥಾನದ ಸಾಮಾನ್ಯ ತೆರಿಗೆಯ ಪಾಲಿಲ್ಲ. ಪರವಾನಗಿಯ ಶುಲ್ಕ, ಆಯೋಗದ ಒಡೆತನದಲ್ಲಿರುವ ಸುಮಾರು 15 ಲಕ್ಷ ಎಕರೆ ಭೂಮಿಯ ಮರ, ಎಣ್ಣೆ, ಅನಿಲಗಳ ಆದಾಯ, ಇವುಗಳ ಜೊತೆಗೆ ಕೇಂದ್ರ ಸರ್ಕಾರದ ಅನುದಾನ. ಈ ಅನುದಾನದ ಕಥೆ ಕುತೂಹಲಕರವಾದುದು. 1937ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ಸಹಿ ಹಾಕಿದ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯು, ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ಅದಾಗಲೇ ಇದ್ದ ಸುಂಕವನ್ನು ವನ್ಯಜೀವಿಗಳ ಪುನಃಸ್ಥಾಪನೆಗೆಂದೇ ಮೀಸಲಿಟ್ಟಿತು. ಬೇಟೆಯ ಉದ್ದನಳಿಗೆಯ ಬಂದೂಕಿಗೆ ನೂರಕ್ಕೆ 11ರಂತೆ ಸುಂಕ. ಮುಂದೆ ಕೈಪಿಸ್ತೂಲು, ಬಿಲ್ಲುಬಾಣಗಳೂ ಸುಂಕದೊಳಗೆ ಬಂದವು. ಈ ಹಣವನ್ನು ಸಂಸ್ಥಾನಗಳಿಗೆ ಹಂಚುವಾಗ ಮುಖ್ಯ ಭಾಗದ ಅರ್ಧವನ್ನು ನೆಲದ ವಿಸ್ತಾರಕ್ಕೂ ಉಳಿದರ್ಧವನ್ನು ಹಣ ತೆತ್ತು ಪರವಾನಗಿ ಪಡೆದ ಬೇಟೆಗಾರರ ಸಂಖ್ಯೆಗೂ ಅನುಗುಣವಾಗಿ ಕೊಡುತ್ತಾರೆ. ಕೇಂದ್ರದ ಮೂರು ಡಾಲರಿಗೆ ಸಂಸ್ಥಾನ ತನ್ನದೊಂದು ಡಾಲರನ್ನು ಕೂಡಿಸಬೇಕು. ಪರವಾನಗಿಯಿಂದ ಬಂದ ಹಣವನ್ನು ರಸ್ತೆಗೋ ಶಾಲೆಗೋ ತಿರುಗಿಸಿದ ಸಂಸ್ಥಾನಕ್ಕೆ ಈ ಅನುದಾನವೇ ಇಲ್ಲ. ಕೊನೆಯ ಈ ಕಟ್ಟಳೆ ನನಗೆ ಬಹಳ ಮೆಚ್ಚಾಯಿತು. ಕಾಡಿನ ಹೆಸರಿನಲ್ಲಿ ಎತ್ತಿದ ಹಣ ಕಾಡಿಗೇ ಸಲ್ಲುವುದು ಎಲ್ಲ ದೇಶಗಳಲ್ಲೂ ಕಾಣಸಿಗುವ ದೃಶ್ಯವಲ್ಲ.

ಆದುದರಿಂದ ಒಬ್ಬ ಬೇಟೆಗಾರ ಬಂದೂಕನ್ನು ಗೋಡೆಗೆ ತೂಗುಹಾಕಿ ಕುಳಿತರೆ ನಷ್ಟ ಎರಡು ಬಗೆಯದು. ಅವನ ಶುಲ್ಕವೂ ಹೋಯಿತು, ಅವನ ತಲೆಯೆಣಿಕೆಯಿಂದ ಬರುತ್ತಿದ್ದ ಅನುದಾನದ ಭಾಗವೂ ಹೋಯಿತು. ಪೆನ್ಸಿಲ್ವೇನಿಯಾದಲ್ಲಿ 1980ರ ದಶಕದ ಆರಂಭಕ್ಕೆ ಸುಮಾರು 13 ಲಕ್ಷ ಪರವಾನಗಿಗಳು ಮಾರಾಟವಾಗುತ್ತಿದ್ದವು. 2010ರ ದಶಕ ಮುಗಿಯುವ ವೇಳೆಗೆ ಆ ಸಂಖ್ಯೆ 9 ಲಕ್ಷದ ಕೆಳಕ್ಕಿಳಿದಿತ್ತು. ಎರಡನೆಯ ಮಹಾಯುದ್ಧದ ಅನಂತರ ಹುಟ್ಟಿದ ದೊಡ್ಡ ಪೀಳಿಗೆ ಮುಪ್ಪಾಗುತ್ತಿದೆ. ಪಟ್ಟಣದಲ್ಲಿ ಬೆಳೆದ ಮೊಮ್ಮಗನಿಗೆ ಕಾಡಿನ ದಾರಿ ತಿಳಿಯದು. ಆಯೋಗದ ಕಣ್ಣು ಹುಡುಗರ ಮೇಲೆ ಬಿದ್ದುದು ಹೀಗೆ.

ಅಲ್ಲಿ ಸುರಕ್ಷತೆಯ ಶಿಕ್ಷಣ ಪಡೆದ ಹನ್ನೆರಡು ವರ್ಷದ ಬಾಲಕನಾಗಲಿ ಬಾಲಕಿಯಾಗಲಿ ಕಿರಿಯರ ಪರವಾನಗಿ ಪಡೆಯಬಹುದು. 2006ರಲ್ಲಿ ಅದಕ್ಕಿಂತ ಚಿಕ್ಕವರಿಗೂ ಬಾಗಿಲು ತೆರೆಯಿತು. ಆದರೆ ಆ ಮಗು ಹಿರಿಯ ಮಾರ್ಗದರ್ಶಕನ ಪಕ್ಕದಲ್ಲೇ ಇರಬೇಕು. ನಡೆಯುವಾಗ ಬಂದೂಕು ಹಿರಿಯನ ಕೈಯಲ್ಲಿರಬೇಕು, ನಿಂತ ಮೇಲಷ್ಟೇ ಮಗುವಿನ ಕೈಗೆ ಬರಬೇಕು. ನಮ್ಮಲ್ಲಿ ಕೆಲವರು ಇದನ್ನು ಕೇಳಿ ಬೆಚ್ಚಬಹುದು. ಬೆಚ್ಚುವುದು ತಪ್ಪೂ ಅಲ್ಲ. ಆದರೆ ಹಳ್ಳಿಯ ಆ ಕುಟುಂಬಗಳಲ್ಲಿ ಬೇಟೆ ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರುವ ವಿದ್ಯೆ. ನಿಯಮವು ಆ ರೂಢಿಗೆ ಒಂದು ಶಿಸ್ತನ್ನು ತೊಡಿಸಿದೆ ಎಂದು ನೋಡಬೇಕು. ಕಿರಿಯರ ಶುಲ್ಕ ಅಲ್ಪ. ಆದರೂ ಪೂರ್ತಿ ಉಚಿತವಾಗಿ ಕೊಟ್ಟ ಪರವಾನಗಿ ಕೇಂದ್ರದ ಎಣಿಕೆಗೆ ಸೇರುವುದಿಲ್ಲ. ಮಕ್ಕಳಿಗೆ ಔದಾರ್ಯ ತೋರಲು ಹೊರಟ ಸಂಸ್ಥಾನವು ಎಷ್ಟು ಔದಾರ್ಯ ತನಗೆ ತಡೆದೀತೆಂದು ಲೆಕ್ಕ ಹಾಕಬೇಕಾಗುತ್ತದೆ.

ಜಿಂಕೆಯ ಹಿತ, ಕಾಡಿನ ಹಿತ, ಬೊಕ್ಕಸದ ಹಿತ ಯಾವಾಗಲೂ ಒಂದೇ ದಿಕ್ಕಿಗೆ ನಡೆಯುವುದಿಲ್ಲ. 1999ರಲ್ಲಿ ಜಿಂಕೆಗಳ ಹೊಣೆ ವಹಿಸಿಕೊಂಡ ಜೀವಶಾಸ್ತ್ರಜ್ಞ ಗ್ಯಾರಿ ಆಲ್ಟ್ ಅವರು ಹೆಣ್ಣುಜಿಂಕೆಯ ಬೇಟೆಯನ್ನು ಹೆಚ್ಚಿಸಬೇಕೆಂದರು. ಎಳೆಯ ಗಂಡುಗಳು ಬಲಿಯುವಂತೆ, ಕೊಂಬಿನ ಒಂದು ಪಾರ್ಶ್ವದಲ್ಲಿ ಮೂರು ಅಥವಾ ನಾಲ್ಕು ಕವಲಿಲ್ಲದ ಗಂಡನ್ನು ಹೊಡೆಯಬಾರದೆಂಬ ನಿಯಮ 2002ರಲ್ಲಿ ಜಾರಿಗೆ ಬಂದಿತು. ಕಿರಿಯರಿಗೆ ಈ ಬಿಗಿ ನಿಯಮದಿಂದ ವಿನಾಯಿತಿ ಕೊಟ್ಟರು. ಮೊದಲ ಜಿಂಕೆಯ ಉತ್ಸಾಹದಲ್ಲಿರುವ ಹುಡುಗ ಕವಲು ಎಣಿಸುತ್ತ ನಿಂತಾನೆಯೇ? ಕಾಡಿಗೆ ಈ ನೀತಿ ಒಳ್ಳೆಯದಾಗಿತ್ತು. ಆದರೆ ಹಿಂಡು ಕಿರಿದಾದಂತೆ, ದಿನವಿಡೀ ಕಾದು ಬರಿಗೈಯಲ್ಲಿ ಮರಳಿದ ಬೇಟೆಗಾರರು ಸಿಡಿದೆದ್ದರು. ಆಲ್ಟ್ ಅವರು 2004ರ ಕೊನೆಗೆ ಹುದ್ದೆ ಬಿಟ್ಟರು. ಪರವಾನಗಿಯ ಶುಲ್ಕವನ್ನು ಗೊತ್ತುಪಡಿಸುವುದು ಆಯೋಗವಲ್ಲ, ಶಾಸನಸಭೆ. 1999ರಲ್ಲಿ ಏರಿದ ವಯಸ್ಕರ ಶುಲ್ಕ ಸುಮಾರು 20 ಡಾಲರು; ಬೆಲೆಗಳೆಲ್ಲ ಏರಿದರೂ ಅದು ಕಾಲು ಶತಮಾನ ಅಲ್ಲೇ ನಿಂತಿತು. ಮತದಾರ ಮುನಿದಿರುವಾಗ ಅದನ್ನು ಏರಿಸುವ ಧೈರ್ಯ ಯಾವ ಶಾಸಕನಿಗೆ ಬಂದೀತು?

ಉಳಿದ ದಾರಿ ಪಂಚಾಂಗವನ್ನು ತಿದ್ದುವುದು. ಬಂದೂಕಿನ ಜಿಂಕೆಬೇಟೆ ಅಲ್ಲಿ ದಶಕಗಳ ಕಾಲ ನವೆಂಬರಿನ ಕೃತಜ್ಞತಾ ಹಬ್ಬದ ಅನಂತರದ ಸೋಮವಾರ ಮೊದಲಾಗುತ್ತಿತ್ತು; ಹಲವು ಹಳ್ಳಿಗಳಲ್ಲಿ ಅಂದು ಶಾಲೆಗಳಿಗೇ ರಜೆ. ಪಟ್ಟಣದ ವಿದ್ಯಾರ್ಥಿಗೂ ನೌಕರನಿಗೂ ಅನುಕೂಲವಾಗಲೆಂದು 2019ರಲ್ಲಿ ಆರಂಭವನ್ನು ಶನಿವಾರಕ್ಕೆ ತಂದರು. ಹಬ್ಬ ಮುಗಿಸಿ ಭಾನುವಾರ ಕಾಡಿನ ಬಿಡಾರಕ್ಕೆ ಹೊರಡುತ್ತಿದ್ದ ಹಳಬರು ಗೊಣಗಿದರು. ಭಾನುವಾರ ಬೇಟೆಯಾಡಬಾರದೆಂಬ ಹಳೆಯ ನಿಷೇಧವೂ ಸಡಿಲವಾಯಿತು: 2020ರಲ್ಲಿ ಮೂರು ಭಾನುವಾರಗಳು ಸಿಕ್ಕವು, 2025ರ ಕಾನೂನು ನಿಷೇಧವನ್ನೇ ತೆಗೆದುಹಾಕಿತು. ವಾರವೆಲ್ಲ ಶಾಲೆಯಲ್ಲಿರುವ ಹುಡುಗನಿಗೆ ಇದು ದೊಡ್ಡ ಲಾಭ. ಭಾನುವಾರವೊಂದು ದಿನ ನಿಶ್ಚಿಂತೆಯಿಂದ ಕಾಡಿನಲ್ಲಿ ಅಡ್ಡಾಡುತ್ತಿದ್ದವರಿಗೆ ನಷ್ಟ.

ಈ ಅಡ್ಡಾಡುವವರ ವಿಷಯದಲ್ಲೇ ನನಗೆ ಈ ಪದ್ಧತಿಯ ಕೊರತೆ ಕಾಣುವುದು. 1980ರಲ್ಲಿ ಆ ಸಂಸ್ಥಾನದಲ್ಲಿ ಬೋಳುಹದ್ದಿನ ಗೂಡುಗಳು ತಿಳಿದಂತೆ ಮೂರೇ ಉಳಿದಿದ್ದವು. 1983ರಿಂದ ಬೇಟೆ ಆಯೋಗವು ಕೆನಡಾದ ಸಸ್ಕಾಚೆವಾನ್ ಪ್ರಾಂತದಿಂದ ಮರಿಗಳನ್ನು ತಂದು ಬೆಳೆಸಿತು; ಇಂದು ಅಲ್ಲಿ ಗೂಡುಗಳು ನೂರಾರು. ದೂರದರ್ಶಕ ಹಿಡಿದು ಆ ಹದ್ದನ್ನು ನೋಡಿ ನಲಿಯುವವನು ಆಯೋಗಕ್ಕೆ ಒಂದು ಕಾಸನ್ನೂ ತೆರಬೇಕಾಗಿಲ್ಲ. ಇತ್ತ ಬೇಟೆಗೆ ಕಾಲಿಡದವರೂ ಬಂದೂಕು ಕೊಳ್ಳುವುದು ಹೆಚ್ಚಿ, 2022ರಲ್ಲಿ ಕೇಂದ್ರವು ಸಂಸ್ಥಾನಗಳಿಗೆ ಹಂಚಿದ ಸುಂಕದ ಹಣ 100 ಕೋಟಿ ಡಾಲರನ್ನು ಮೀರಿತು. ಹೊಸ ಬೇಟೆಗಾರರನ್ನು ಕರೆತರುವ ಕೆಲಸಕ್ಕೂ ಈ ಹಣವನ್ನು ಬಳಸಬಹುದೆಂದು 2019ರ ತಿದ್ದುಪಡಿ ಅನುಮತಿಸಿದೆ. ಆದರೆ ಆ ಮೂರು ಡಾಲರು ಕೈಗೆ ಬರಬೇಕಾದರೆ ಸಂಸ್ಥಾನದ ಒಂದು ಡಾಲರು ಮೊದಲು ಹುಟ್ಟಬೇಕು. ಅದಕ್ಕಾಗಿ ಪೆನ್ಸಿಲ್ವೇನಿಯಾದ ಆಯೋಗ ಪ್ರತಿವರ್ಷವೂ ಪರವಾನಗಿಯ ಕಿಟಕಿಯತ್ತ ನೋಡುತ್ತಲೇ ಇರುತ್ತದೆ.