ಕೊರೋನಾ ಮತ್ತು ನಮ್ಮ ಲಿವರ್

2020ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಕಾಲಿಟ್ಟ ಕೊರೋನಾವನ್ನು ಶ್ವಾಸಕೋಶದ ರೋಗವೆಂದೇ ಬಲ್ಲೆವು. ಅದು ಪಿತ್ತಜನಕಾಂಗವನ್ನೂ, ಅಂದರೆ ಲಿವರನ್ನೂ, ಬಾಧಿಸುತ್ತದೆ. ವೈರಾಣು ಜೀವಕೋಶದೊಳಗೆ ನುಗ್ಗಲು ಹಿಡಿಯುವ ಎ.ಸಿ.ಇ.-2 ಎಂಬ ಅಂಶ ಪಿತ್ತನಾಳದ ಕೋಶಗಳಲ್ಲಿಯೂ ಇದೆ. ತೀವ್ರ ಉರಿಯೂತ, ಆಮ್ಲಜನಕದ ಕೊರತೆಗಳಿಂದಲೂ ಪೆಟ್ಟು ಬೀಳುತ್ತದೆ. ಆಗ ರಕ್ತಪರೀಕ್ಷೆಯಲ್ಲಿ ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಏರಿರುತ್ತವೆ. ಬಹುತೇಕರಲ್ಲಿ ಸೋಂಕು ಇಳಿದಂತೆ ಇವೂ ಇಳಿಯುತ್ತವೆ. ಮದ್ಯಪಾನಿಗಳಿಗೆ ಮತ್ತು ಮೊದಲೇ ಲಿವರ್ ತೊಂದರೆ ಇರುವವರಿಗೆ ಅಪಾಯ ಹೆಚ್ಚು.

ಸೋಂಕಿಗಿಂತ ನಾವೇ ಮಾಡಿಕೊಳ್ಳುವ ಔಷಧೋಪಚಾರ ಕೆಲವೊಮ್ಮೆ ಹೆಚ್ಚು ಹಾನಿ ಮಾಡುತ್ತದೆ. ಜ್ವರದ ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಲಿವರಿಗೆ ವಿಷ. ನೆಗಡಿಯ ಹಲವು ಮಾತ್ರೆಗಳಲ್ಲಿಯೂ ಅದೇ ಸೇರಿರುತ್ತದೆ. ಅಮೃತಬಳ್ಳಿ ಕಷಾಯ ಯಲಹಂಕ, ಹೆಬ್ಬಾಳದ ಕಡೆಯವರಿಗೆ ಹೊಸದಲ್ಲ. ಅಮೃತಬಳ್ಳಿ ಸೇವಿಸಿದ್ದ 6 ಮಂದಿಯ ಲಿವರಿಗೆ ಹಾನಿಯಾದುದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪದೆ, ಅದನ್ನು ಹೋಲುವ ಬೇರೆ ಬಳ್ಳಿ ಇರಬಹುದೆಂದಿತು. ಬೇಲಿಯ ಮೇಲಿನ ಬಳ್ಳಿ ಯಾವುದೆಂದು ಖಚಿತವಾಗಿ ಗುರುತಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಕಣ್ಣು, ಮೂತ್ರ ಹಳದಿಯಾದರೆ, ಊಟ ಸೇರದಿದ್ದರೆ ಕಷಾಯ ನಿಲ್ಲಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಏನೇನು ಸೇವಿಸಿದಿರಿ ಎಂಬುದನ್ನು ಮರೆಮಾಚದೆ ತಿಳಿಸಿರಿ.