ನಿಮಗಿದು ಗೊತ್ತೆ? ಕೇಕಿನ ಮೇಲಣ ಕನಕಕಾಂತಿ

ಹುಟ್ಟುಹಬ್ಬಗಳಲ್ಲಿ ಥಳಥಳಿಸುವ ಕೇಕಿನ ಹೊಂಬಣ್ಣವು ಬಹುಮಟ್ಟಿಗೆ ಹೊನ್ನಿನದಲ್ಲ. ಅಭ್ರಕದ ಸೂಕ್ಷ್ಮ ಪದರಗಳಿಗೆ ಟೈಟಾನಿಯಂ ಅಥವಾ ಕಬ್ಬಿಣದ ಆಕ್ಸೈಡನ್ನು ಲೇಪಿಸಿ ಸಿದ್ಧಪಡಿಸಿದ ಚೂರ್ಣದ್ದು. ನೀರು ಸೋಕಿದರೆ ಸಕ್ಕರೆಯ ಮೈ ಕರಗಿ ಅಂಟಾಗುವುದರಿಂದ, ಶೀಘ್ರವಾಗಿ ಆವಿಯಾಗುವ ಮದ್ಯಸಾರದಲ್ಲಿ ಈ ಚೂರ್ಣವನ್ನು ಕದಡಿ ಕುಂಚದಿಂದ ಬಳಿಯುವರು. ನಮ್ಮ ಮಿಠಾಯಿಯ ಬೆಳ್ಳಿರೇಕಾದರೋ ನಿಜವಾದ ಬೆಳ್ಳಿಯೇ; 1000ಕ್ಕೆ 999 ಪಾಲು ಶುದ್ಧವಿರಬೇಕೆಂಬುದು ಭಾರತದ ಆಹಾರ ನಿಯಮ. ಆದರೆ ಅಲಂಕಾರದ ಪುಡಿಗಳೆಲ್ಲವೂ ಭಕ್ಷ್ಯವಲ್ಲ: 2018ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಹುಟ್ಟುಹಬ್ಬದ ಕೇಕನ್ನು ತಿಂದ ಆರು ಮಕ್ಕಳು ಅಸ್ವಸ್ಥರಾದರು; ಅದಕ್ಕೆ ಹಚ್ಚಿದ್ದುದು ತಾಮ್ರದ ಪುಡಿ! ಡಬ್ಬಿಯ ಮೇಲೆ ‘ವಿಷರಹಿತ’ವೆಂದಷ್ಟೇ ಬರೆದಿದ್ದರೆ ಸಾಲದು, ಘಟಕಾಂಶಗಳ ಪಟ್ಟಿಯಿಲ್ಲದ ಪುಡಿಯನ್ನು ಕೊಳ್ಳಬೇಡಿ.