ಫ್ಯೂಸ್ ಕಾಯುವುದು ಯಾರನ್ನು?

ಚನ್ನಪಟ್ಟಣದ ನಮ್ಮ ಹಂಚಿನ ಮನೆಯಲ್ಲಿ ಮರದ ಪಟ್ಟಿಗಳ ಮೇಲೆ ಬಡಿದ ಹಳೆಯ ವೈರುಗಳೇ ಇದ್ದವು. ಎರಡು ಬಲ್ಬು, ಒಂದು ರೇಡಿಯೊಗೆಂದು ಎಳೆದ ಆ ವೈರುಗಳ ಮೇಲೆ ಕಾಲಕ್ರಮೇಣ ಫ್ರಿಜ್, ಗೀಸರ್‌ಗಳ ಭಾರವೂ ಬಿತ್ತು. ಕಳೆದ ಬೇಸಿಗೆಯಲ್ಲಿ ವಾಷಿಂಗ್ ಮೆಷಿನ್ ಮುಟ್ಟಿದ ಕೈ ಜುಮ್ಮೆಂದಿತು; ಫ್ಯೂಸ್ ಮಾತ್ರ ಹೋಗಲಿಲ್ಲ.

ಹೋಗುವುದೂ ಇಲ್ಲ. ಫ್ಯೂಸ್ ಇರುವುದು ವೈರನ್ನು ಕಾಯಲು, ಮನುಷ್ಯನನ್ನಲ್ಲ. 5 ಆಂಪಿಯರ್ ಫ್ಯೂಸ್ ತಾಳುವ ವಿದ್ಯುತ್ತಿನ ನೂರರಲ್ಲೊಂದು ಪಾಲು ಮೈಯಲ್ಲಿ ಹರಿದರೂ ಹೃದಯ ಲಯ ತಪ್ಪಬಹುದು.

ಸೋರಿದ ವಿದ್ಯುತ್ತನ್ನು ನೆಲಕ್ಕೆ ಒಯ್ಯಬೇಕಾದದ್ದು ಅರ್ತಿಂಗ್. ಆದರೆ ಮರುಭೂಮಿಯಲ್ಲಿ ವರ್ಷವಿಡೀ ಇರುವ ತೊಡಕು ನಮ್ಮ ಬಯಲುಸೀಮೆಗೆ ಬೇಸಿಗೆಯಲ್ಲಿ ಬರುತ್ತದೆ: ಗುಂಡಿಯ ಮಣ್ಣು ಒಣಗಿ ಆ ಶಕ್ತಿ ಕುಗ್ಗುತ್ತದೆ. ಆಗಾಗ ನೀರು ಹಾಕುವುದು ಅಗತ್ಯ. ಅದರೊಂದಿಗೆ, 30 ಮಿಲಿ ಆಂಪಿಯರ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇರಲೇಬೇಕು. ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಹೆಚ್ಚಿನ ಹೊರೆಯನ್ನು ತಡೆಯಲು ಎಂಸಿಬಿ ಬೇರೆಯೇ ಬೇಕು.

ಮನೆಯಲ್ಲೇ ಬೊಂಬೆ ಕಡೆಯುವ ಲೇತ್ ಇಟ್ಟುಕೊಂಡವರಿಗೆ ಈ ಎಚ್ಚರ ಇನ್ನೂ ಮುಖ್ಯ. ಅಲ್ಲಿನ ಮರದ ಹೊಟ್ಟು, ಅರಗು ಎರಡಕ್ಕೂ ಒಂದು ಕಿಡಿ ಸಾಕು.

ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸಲು ಮರೆಯದ ನಾವು, ಅದೇ ಗೋಡೆಯ ಮೇಲಿನ ವೈರನ್ನು ಮಾತ್ರ ಅಜ್ಜನ ಕಾಲಕ್ಕೇ ಬಿಟ್ಟಿದ್ದೇವೆ.